#90 ಒತ್ತಿದರೆ ಸಿಮ್ ನಕಲಾಗುತ್ತದೆಯೇ? ಆಫೀಸ್ ಫೋನಿನಿಂದ ಮೊಬೈಲ್‌ಗೆ ಬಂದ ಒಂದು ಎಚ್ಚರಿಕೆಯ ಕಥೆ

ಟೆಲಿಫೋನ್ ಕಂಪನಿಯವರೆಂದು ಹೇಳಿಕೊಂಡು ಯಾರೋ ಕರೆ ಮಾಡುತ್ತಾರೆ. ಲೈನ್ ಪರೀಕ್ಷೆ ನಡೆಯುತ್ತಿದೆ, #90 ಅಥವಾ #09 ಒತ್ತಿ ಎನ್ನುತ್ತಾರೆ. ಒತ್ತಿದಿರೋ, ನಿಮ್ಮ ಸಿಮ್ ನಕಲಾಗಿ ಹೋಗುತ್ತದೆ, ಆಮೇಲೆ ಅವರು ನಿಮ್ಮ ಖರ್ಚಿನಲ್ಲಿ ಎಲ್ಲಿಗೆ ಬೇಕಾದರೂ ಮಾತಾಡಬಹುದು. ಈ ಅರ್ಥದ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೊನೆಯಲ್ಲಿ ‘ಎಲ್ಲರಿಗೂ ಕಳುಹಿಸಿ’ ಎಂಬ ಮಾತು ಇದ್ದೇ ಇರುತ್ತದೆ.

ಇದು ನಿಜವೇ? ಮೊಬೈಲ್ ಮಟ್ಟಿಗೆ ಸುಳ್ಳು. ಆದರೆ ಇದನ್ನು ಯಾರೋ ಕೂತು ಕಟ್ಟಿದ ಕಥೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಇದರ ಹಿಂದೆ ನಿಜವಾಗಿ ನಡೆಯುತ್ತಿದ್ದ ಒಂದು ವಂಚನೆ ಇದೆ. ಅದು ನಡೆಯುತ್ತಿದ್ದದ್ದು ಮೊಬೈಲ್‌ನಲ್ಲಲ್ಲ, ಆಫೀಸಿನ ಇಂಟರ್‌ಕಾಮ್ ಫೋನ್‌ಗಳಲ್ಲಿ. ಬೇರೆ ರೂಪಗಳಲ್ಲಿ ಈಗಲೂ ನಡೆಯುತ್ತಿದೆ. ನೀವು ಆಸ್ಪತ್ರೆ, ಲಾಡ್ಜ್, ಶಾಲೆ, ಸೊಸೈಟಿ ಅಥವಾ ಯಾವುದೇ ಕಚೇರಿಯಲ್ಲಿ ಕೆಲಸ ಮಾಡುವವರಾಗಿದ್ದರೆ ಈ ಲೇಖನದ ದ್ವಿತೀಯಾರ್ಧ ನಿಮಗೇ ಬರೆದದ್ದು.

ಮೊಬೈಲ್‌ನಲ್ಲಿ ಒತ್ತಿದರೆ ಏನಾಗುತ್ತದೆ?

ಮಾತಾಡುತ್ತಿರುವಾಗ ನೀವು ಒಂದು ಅಂಕಿ ಒತ್ತಿದರೆ ಆ ಕಡೆಯವರಿಗೆ ‘ಪೀಂ’ ಎಂಬ ಸದ್ದು ಕೇಳುತ್ತದೆ, ಅಷ್ಟೇ. ಪ್ರತಿ ಅಂಕಿಗೂ ಎರಡು ಸ್ವರಗಳ ಜೋಡಿ ಇದೆ. 9 ಒತ್ತಿದರೆ 852 ಹರ್ಟ್ಜ್ ಮತ್ತು 1477 ಹರ್ಟ್ಜ್ ಸ್ವರಗಳು ಒಟ್ಟಿಗೆ ಹೊರಡುತ್ತವೆ. ಬ್ಯಾಂಕಿಗೆ ಕರೆ ಮಾಡಿದಾಗ ‘ಕನ್ನಡಕ್ಕಾಗಿ ಎರಡು ಒತ್ತಿ’ ಎನ್ನುವ ಯಂತ್ರ ಗುರುತಿಸುವುದು ಈ ಸದ್ದನ್ನೇ. ಕೇಳಿಸಿಕೊಳ್ಳುವ ಯಂತ್ರ ಆ ಸದ್ದಿಗೆ ಏನು ಅರ್ಥ ಕೊಡುತ್ತದೋ ಅದೇ ಅದರ ಅರ್ಥ. ಆ ಕಡೆ ಇರುವುದು ಬರೀ ಒಬ್ಬ ವಂಚಕನ ಕಿವಿಯಾದರೆ, ಮೂರು ಸಲ ‘ಪೀಂ’ ಕೇಳಿ ಅವನಿಗೇನೂ ಸಿಗುವುದಿಲ್ಲ.

ಸಿಮ್ ವಿಷಯಕ್ಕೆ ಬರೋಣ. ಸಿಮ್ ಒಳಗೆ ಒಂದು ಗುಪ್ತ ಕೀಲಿ ಸಂಖ್ಯೆ ಇರುತ್ತದೆ. ಅದರ ಇನ್ನೊಂದು ಪ್ರತಿ ಇರುವುದು ನಿಮ್ಮ ಮೊಬೈಲ್ ಕಂಪನಿಯ ಬಳಿ ಮಾತ್ರ. ನೆಟ್‌ವರ್ಕ್ ಒಂದು ಲೆಕ್ಕ ಕೊಡುತ್ತದೆ, ಸಿಮ್ ಆ ಕೀಲಿ ಬಳಸಿ ಒಳಗೇ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹೊರಗೆ ಕೊಡುತ್ತದೆ. ಕೀಲಿ ಹೊರಗೆ ಬರುವುದೇ ಇಲ್ಲ, ನೀವು ಯಾವ ಅಂಕಿ ಒತ್ತಿದರೂ ಬರುವುದಿಲ್ಲ. 1998ರಲ್ಲಿ ಅಮೆರಿಕದ ಬರ್ಕ್ಲಿಯ ಸಂಶೋಧಕರು ಆಗಿನ ಸಿಮ್‌ಗಳ ಲೆಕ್ಕದ ವಿಧಾನದಲ್ಲಿದ್ದ ದೌರ್ಬಲ್ಯ ಹಿಡಿದು ನಕಲು ಮಾಡಬಹುದೆಂದು ತೋರಿಸಿದ್ದು ನಿಜ. ಆದರೆ ಅದಕ್ಕೂ ಸಿಮ್ ಕಾರ್ಡನ್ನು ಕೈಗೆ ತೆಗೆದುಕೊಂಡು ಕಂಪ್ಯೂಟರ್‌ಗೆ ಜೋಡಿಸಿ ಗಂಟೆಗಟ್ಟಲೆ ಕೂರಬೇಕಿತ್ತು. ನಂತರ ಬಂದ ಸಿಮ್‌ಗಳಲ್ಲಿ ಆ ಹಳೆಯ ವಿಧಾನ ಬದಲಾಯಿತು.

ಹಾಗಾದರೆ ಮೊಬೈಲ್‌ನಲ್ಲಿ ಯಾವ ಕೋಡ್ ಒತ್ತಿದರೂ ಚಿಂತೆಯಿಲ್ಲವೇ? ಇದೆ. ಕರೆಯ ಮಧ್ಯೆ ಅಂಕಿ ಒತ್ತುವುದು ಬೇರೆ, ಡಯಲ್ ಪರದೆಯಲ್ಲಿ ಹೊಸದಾಗಿ ಕೋಡ್ ಬರೆದು ಹಸಿರು ಗುಂಡಿ ಒತ್ತುವುದು ಬೇರೆ. ಎರಡನೆಯದು ನೇರವಾಗಿ ನಿಮ್ಮ ನೆಟ್‌ವರ್ಕ್‌ಗೆ ಕೊಡುವ ಆಜ್ಞೆ. ಸ್ಟಾರ್ 401 ಸ್ಟಾರ್ ಎಂದು ಒತ್ತಿ ಅದರ ಮುಂದೆ ಒಂದು ಹತ್ತಂಕಿಯ ಸಂಖ್ಯೆ ಸೇರಿಸಿ ಡಯಲ್ ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಆ ಸಂಖ್ಯೆಗೆ ತಿರುಗುತ್ತವೆ. ಎರಡು ಸ್ಟಾರ್ ಮತ್ತು 21ರಿಂದ ಆರಂಭವಾಗುವ ಕೋಡ್ ಕೂಡ ಇದೇ ಕೆಲಸದ್ದು. ವಂಚಕರಿಗೆ ಬೇಕಿರುವುದು ಇದು. ಅವರು ನಿಮ್ಮ ವಾಟ್ಸ್‌ಆ್ಯಪ್‌ಗೆ ‘ಒಟಿಪಿಯನ್ನು ಕರೆ ಮಾಡಿ ತಿಳಿಸಿ’ ಎಂದು ಕೋರುತ್ತಾರೆ, ಕರೆ ಅವರಿಗೇ ಹೋಗುತ್ತದೆ, ಖಾತೆ ಕೈತಪ್ಪುತ್ತದೆ. ಕೊರಿಯರ್ ಹುಡುಗನ ಸಂಖ್ಯೆ ಎಂದೋ, ಸಿಮ್ ಬಂದ್ ಆಗುವುದನ್ನು ತಪ್ಪಿಸಲು ಎಂದೋ ನಂಬಿಸಿ ಈ ಕೋಡ್ ಒತ್ತಿಸುತ್ತಾರೆ. ಇದೇ ಕಾರಣಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಮೂಲಕ ಕಾಲ್ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸುವಂತೆ ಮೊಬೈಲ್ ಕಂಪನಿಗಳಿಗೆ ಆದೇಶಿಸಿತು. ಆದೇಶವಿದೆ ಎಂದು ಮೈಮರೆಯಬೇಡಿ. ಅನುಮಾನ ಬಂದರೆ *#21# ಡಯಲ್ ಮಾಡಿ ನಿಮ್ಮ ಕರೆಗಳು ಬೇರೆಡೆ ತಿರುಗಿವೆಯೇ ನೋಡಿಕೊಳ್ಳಿ. ##002# ಎಂಬುದು ಎಲ್ಲ ಫಾರ್ವರ್ಡಿಂಗ್ ರದ್ದು ಮಾಡುವ ಕೋಡ್. ಇವು ಕೆಲಸ ಮಾಡದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಹೇಳಿ ತೆಗೆಸಿ. (ಮೊದಲ ಕೋಡ್ ಒತ್ತಿದರೆ ಪೊಲೀಸರು ನಿಮ್ಮ ಫೋನ್ ಕದ್ದಾಲಿಸುತ್ತಿದ್ದಾರೆಯೇ ಎಂದು ಗೊತ್ತಾಗುತ್ತದೆ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಅದೂ ಸುಳ್ಳು. ಅದು ತೋರಿಸುವುದು ಫಾರ್ವರ್ಡಿಂಗ್ ಸ್ಥಿತಿಯನ್ನು ಮಾತ್ರ.)

90ರ ಕಥೆ ಎಲ್ಲಿಂದ ಬಂತು?

1998ರ ಹೊತ್ತಿಗೆ ಅಮೆರಿಕದಲ್ಲಿ ಇಮೇಲ್ ಮೂಲಕ ಒಂದು ಎಚ್ಚರಿಕೆ ಹರಡಿತು. ಅದರಲ್ಲಿದ್ದದ್ದು #90 ಅಲ್ಲ, 90#. ಅಂದರೆ ಮೊದಲು ಒಂಬತ್ತು, ಆಮೇಲೆ ಸೊನ್ನೆ, ಕೊನೆಗೆ ಹ್ಯಾಶ್. ಆಮೇಲೆ ಫೋನ್ ಇಟ್ಟುಬಿಡಿ ಎಂದು ವಂಚಕ ಹೇಳುತ್ತಾನೆ ಎಂದಿತ್ತು. ಆ ದೇಶದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಇದಕ್ಕೆ ಸ್ಪಷ್ಟನೆ ಕೊಟ್ಟಿತು. ಈ ವಂಚನೆ ನಿಜ, ಆದರೆ ಇದು ನಡೆಯುವುದು ಖಾಸಗಿ ಎಕ್ಸ್‌ಚೇಂಜ್ ಇರುವ ಕಚೇರಿಗಳ ಫೋನ್‌ಗಳಲ್ಲಿ ಮಾತ್ರ, ಮನೆಯ ಫೋನ್‌ನಲ್ಲಿ ಅಲ್ಲ ಎಂದು.

ಅಂಕಿಗಳ ಆ ಕ್ರಮದಲ್ಲೇ ಗುಟ್ಟು ಇದೆ. ಅಮೆರಿಕದ ಆಫೀಸುಗಳಲ್ಲಿ ಹೊರಗಿನ ಲೈನ್ ಬೇಕೆಂದರೆ ಸಾಮಾನ್ಯವಾಗಿ 9 ಒತ್ತಬೇಕು. ಹೊರಗಿನ ಲೈನ್ ಸಿಕ್ಕ ಮೇಲೆ 0 ಒತ್ತಿದರೆ ಟೆಲಿಫೋನ್ ಕಂಪನಿಯ ಆಪರೇಟರ್. # ಎಂದರೆ ‘ಸಂಖ್ಯೆ ಮುಗಿಯಿತು, ಇನ್ನು ಕಾಯಬೇಡ’ ಎಂಬ ಸೂಚನೆ. ರಿಸೆಪ್ಷನ್‌ನಲ್ಲಿ ಕೂತವರು ವಂಚಕನ ಕರೆಯನ್ನು ಟ್ರಾನ್ಸ್‌ಫರ್ ಸ್ಥಿತಿಗೆ ಹಾಕಿ ಈ ಮೂರನ್ನು ಒತ್ತಿ ಫೋನ್ ಇಟ್ಟರೆ ಏನಾಯಿತು? ಒಳಗೆ ಬಂದ ಕರೆ ಆಫೀಸಿನ ಇನ್ನೊಂದು ಲೈನ್ ಹಿಡಿದು ಹೊರಗೆ ಹೋಯಿತು. ವಂಚಕ ಈಗ ಆಪರೇಟರ್ ಜೊತೆ ಮಾತಾಡುತ್ತಿದ್ದಾನೆ, ಆದರೆ ಆಪರೇಟರ್ ಕಣ್ಣಿಗೆ ಕರೆ ಮಾಡುತ್ತಿರುವುದು ಆ ಆಫೀಸು. ಅಲ್ಲಿಂದ ಮುಂದೆ ಅವನು ಎಲ್ಲಿಗೆ ಕೇಳಿದರೂ ಬಿಲ್ ಆಫೀಸಿನದು.

ಸಂದೇಶ ದೇಶ ದಾಟಿ, ಇಮೇಲ್‌ನಿಂದ ಎಸ್ಸೆಮ್ಮೆಸ್‌ಗೆ, ಅಲ್ಲಿಂದ ವಾಟ್ಸ್‌ಆ್ಯಪ್‌ಗೆ ಬರುವಷ್ಟರಲ್ಲಿ ಹ್ಯಾಶ್ ಹಿಂದಿನಿಂದ ಮುಂದಕ್ಕೆ ಬಂತು, ಆಫೀಸ್ ಫೋನ್ ಮೊಬೈಲ್ ಆಯಿತು, ದುಬಾರಿ ಬಿಲ್ಲು ಸಿಮ್ ನಕಲಾಗಿ ಬದಲಾಯಿತು. ತಮಾಷೆಯೆಂದರೆ, ನಮ್ಮಲ್ಲಿ ಹೆಚ್ಚಿನ ಆಫೀಸು ಮತ್ತು ಹೋಟೆಲ್‌ಗಳಲ್ಲಿ ಲೆಕ್ಕ ಉಲ್ಟಾ. ಹೊರಗಿನ ಲೈನ್‌ಗೆ 0, ರಿಸೆಪ್ಷನ್‌ಗೆ ಅಥವಾ ಆಪರೇಟರ್‌ಗೆ 9. ಹಾಗಾಗಿ ನಮ್ಮ ಆಫೀಸ್ ಫೋನ್‌ನಲ್ಲಿ ಅಮೆರಿಕದ ಕ್ರಮದಲ್ಲೇ 90# ಒತ್ತಿದರೂ ಹೆಚ್ಚೆಂದರೆ ರಿಸೆಪ್ಷನ್‌ನವರು ‘ಹಲೋ, ಹೇಳಿ ಸಾರ್’ ಎನ್ನಬಹುದು.

ಅಂಕಿ ಬದಲಾದರೂ ಅಪಾಯದ ಬೇರು ಅದೇ. ಅದು ಇರುವುದು ಎಕ್ಸ್‌ಚೇಂಜ್ ಪೆಟ್ಟಿಗೆಯೊಳಗೆ ಬರೆದಿಟ್ಟ ನಿಯಮಗಳಲ್ಲಿ.

ರಿಸೆಪ್ಷನ್ ಹಿಂದಿನ ಆ ಪೆಟ್ಟಿಗೆ

ಐವತ್ತು ಮೇಜಿಗೆ ಐವತ್ತು ಲೈನ್ ತೆಗೆದುಕೊಳ್ಳುವುದು ದುಬಾರಿ. ಅದಕ್ಕೇ ಕಚೇರಿಗಳು ಇಪಿಎಬಿಎಕ್ಸ್ ಎಂಬ ಸ್ವಂತ ಪುಟ್ಟ ಎಕ್ಸ್‌ಚೇಂಜ್ ಇಟ್ಟುಕೊಳ್ಳುತ್ತವೆ. ಒಳಗಿನ ಫೋನ್‌ಗಳು ಅದಕ್ಕೆ ಸೇರುತ್ತವೆ, ಅದು ಹೊರಗಿನ ಕಂಪನಿಗೆ ಸೇರುತ್ತದೆ. ಈ ಹೊರಗಿನ ಕೊಂಡಿಗೆ ಟ್ರಂಕ್ ಎಂದು ಹೆಸರು. ಹಿಂದೆ ಅದು ಒಂದಕ್ಕೊಂದು ಜೋಡಿಸಿದ ತಾಮ್ರದ ತಂತಿಗಳ ಗೊಂಚಲು. ಆಮೇಲೆ ಬಂದದ್ದು ಡಿಜಿಟಲ್ ಟ್ರಂಕ್, ನಮ್ಮಲ್ಲಿ ಪಿಆರ್‌ಐ ಎಂದೇ ಪರಿಚಿತ. ಒಂದೇ ಕೊಂಡಿಯಲ್ಲಿ ಸೆಕೆಂಡಿಗೆ 2.048 ಮೆಗಾಬಿಟ್ ವೇಗ, ಅದನ್ನು 32 ಪಾಲು ಮಾಡಿರುತ್ತಾರೆ. ಒಂದು ಪಾಲು ಎರಡೂ ಕಡೆಯ ಗಡಿಯಾರ ಸರಿಹೊಂದಿಸಲು, ಒಂದು ಪಾಲು ‘ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ’ ಎಂಬ ಸಂದೇಶಗಳಿಗೆ. ಉಳಿದ 30ರಲ್ಲಿ ಏಕಕಾಲಕ್ಕೆ 30 ಮಾತುಕತೆ. ಅಮೆರಿಕದಲ್ಲಿ ಇದರ ದಾಯಾದಿ ಇದೆ, ಅದರಲ್ಲಿ 23 ಮಾತುಕತೆ ಮಾತ್ರ. ಈಚೆಗೆ ಇಂಟರ್‌ನೆಟ್ ವಿಧಾನದ ಸಿಪ್ ಟ್ರಂಕ್ ಪಿಆರ್‌ಐ ಜಾಗ ಹಿಡಿಯುತ್ತಿದೆ, ಆದರೆ ಇಲ್ಲಿ ಹೇಳುವ ನಿಯಮಗಳು ಎರಡಕ್ಕೂ ಒಂದೇ.

ನೀವು ಮೇಜಿನ ಫೋನ್ ಎತ್ತಿ ಅಂಕಿ ಒತ್ತಿದಾಗ ಅದು ನೇರ ಕಂಪನಿಗೆ ಹೋಗುವುದಿಲ್ಲ. ಪೆಟ್ಟಿಗೆ ಮೊದಲು ಓದುತ್ತದೆ. ಮೊದಲ ಅಂಕಿ 0 ಇದ್ದರೆ ಇದು ಹೊರಗಿನ ಕರೆ ಎಂದು ತಿಳಿದು ಆ ಸೊನ್ನೆಯನ್ನು ಕಿತ್ತುಹಾಕಿ ಉಳಿದದ್ದನ್ನು ಮಾತ್ರ ಮುಂದೆ ಕಳಿಸುತ್ತದೆ. ಬೇರೆ ಅಂಕಿಯಾದರೆ ಒಳಗಿನ ಎಕ್ಸ್‌ಟೆನ್ಶನ್ ಹುಡುಕುತ್ತದೆ. ಕಳಿಸುವ ಮುನ್ನ ಈ ಫೋನ್‌ಗೆ ಈ ಕರೆ ಮಾಡುವ ಅನುಮತಿ ಇದೆಯೇ ಎಂದು ನೋಡುತ್ತದೆ. ಗೇಟಿನ ವಾಚ್‌ಮನ್ ಫೋನ್‌ಗೆ ಊರಿನ ಕರೆ ಮಾತ್ರ, ಮ್ಯಾನೇಜರ್‌ಗೆ ಎಸ್‌ಟಿಡಿ, ಮಾಲೀಕರಿಗೆ ಐಎಸ್‌ಡಿ, ಹೀಗೆ. ಎಲ್ಲ ಸರಿಯಿದ್ದರೆ ಟ್ರಂಕ್‌ನ ಖಾಲಿ ಪಾಲು ಹಿಡಿದು ಕಂಪನಿಗೆ ಒಂದು ಸಂದೇಶ ಕಳಿಸುತ್ತದೆ. ಅದನ್ನು ಅಂಚೆ ಲಕೋಟೆ ಎಂದುಕೊಳ್ಳಿ. ‘ಇವರಿಗೆ’ ಎಂಬಲ್ಲಿ ಕರೆ ಹೋಗಬೇಕಾದ ಸಂಖ್ಯೆ, ‘ಇಂದ’ ಎಂಬಲ್ಲಿ ಆಫೀಸಿನ ಸಂಖ್ಯೆ, ಜೊತೆಗೆ ಇದು ದೇಶದೊಳಗಿನ ಸಂಖ್ಯೆಯೋ ವಿದೇಶದ್ದೋ ಎಂಬ ಗುರುತು. ಗುರುತು ಒಂದು, ಸಂಖ್ಯೆ ಬರೆದ ರೀತಿ ಇನ್ನೊಂದು ಆದರೆ ಕರೆ ಹೋಗುವುದೇ ಇಲ್ಲ. ಹೊಸ ಪಿಆರ್‌ಐ ಹಾಕಿಸಿದ ದಿನ ಒಳಬರುವ ಕರೆ ಚೆನ್ನಾಗಿ ಬಂದು, ಹೊರಹೋಗುವ ಕರೆ ಮಾತ್ರ ‘ಟೂಂ ಟೂಂ’ ಎಂದು ಕಡಿದುಹೋಗುವುದಕ್ಕೆ ಇದೂ ಒಂದು ಕಾರಣ.

ಈ ನಿಯಮಗಳು ಎಷ್ಟು ನಾಜೂಕು ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. 2021ರ ಜನವರಿ 15ರಿಂದ ದೇಶದಲ್ಲಿ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಕರೆ ಮಾಡಲು ಮುಂದೆ 0 ಸೇರಿಸುವುದು ಕಡ್ಡಾಯವಾಯಿತು. ಮೊಬೈಲ್‌ಗಳಿಗೆ ಹೊಸ ಸಂಖ್ಯೆಗಳನ್ನು ಒದಗಿಸಲು ಮಾಡಿದ ಬದಲಾವಣೆ ಅದು. ಮನೆಯವರಿಗೆ ಒಂದು ಅಂಕಿ ಹೆಚ್ಚಾಯಿತು, ಅಷ್ಟೇ. ಆಫೀಸಿನಲ್ಲಿ ಮಾತ್ರ ಹೊರಗಿನ ಲೈನ್‌ಗೆ ಒಂದು 0, ಮೊಬೈಲ್‌ಗೆ ಇನ್ನೊಂದು 0, ಒಟ್ಟು ಎರಡು ಸೊನ್ನೆ ಒತ್ತಬೇಕಾಯಿತು. ‘ಊರಿನ ಕರೆ ಮತ್ತು ಮೊಬೈಲ್ ಮಾತ್ರ’ ಎಂದು ಮಿತಿ ಹಾಕಿದ್ದ ಫೋನ್‌ಗಳಲ್ಲಿ ಸಮಸ್ಯೆ ಇನ್ನೂ ಸಿಕ್ಕಾಯಿತು. ಹಳೆಯ ನಿಯಮದಲ್ಲಿ 0ಯಿಂದ ಆರಂಭವಾದರೆ ಎಸ್‌ಟಿಡಿ, ತಡೆ ಎಂದಿತ್ತು. ಈಗ ಮೊಬೈಲೂ 0ಯಿಂದಲೇ ಆರಂಭ. 080 ಬೆಂಗಳೂರಿನ ಎಸ್‌ಟಿಡಿ ಕೋಡ್, ಆದರೆ 80ರಿಂದ ಆರಂಭವಾಗುವ ಮೊಬೈಲ್ ಸಂಖ್ಯೆಯ ಮುಂದೆ 0 ಹಾಕಿದರೂ 080 ಎಂದೇ ಆಗುತ್ತದೆ. ಎರಡೂ ಒಟ್ಟು ಹನ್ನೊಂದು ಅಂಕಿ. ಮೊದಲ ಎರಡು ಮೂರು ಅಂಕಿ ನೋಡಿ ಬೇರ್ಪಡಿಸುವುದು ಪೆಟ್ಟಿಗೆಗೆ ಕಷ್ಟ.

ಇಂಥ ಹೊತ್ತಲ್ಲಿ ಸುಲಭದ ದಾರಿ ಒಂದಿದೆ. 0ಯಿಂದ ಆರಂಭವಾಗುವುದನ್ನೆಲ್ಲ ಬಿಟ್ಟುಬಿಡು ಎಂಬ ಒಂದೇ ಸಾಲಿನ ನಿಯಮ. ದೂರು ನಿಲ್ಲುತ್ತದೆ, ಎಲ್ಲರಿಗೂ ಫೋನ್ ಹೋಗುತ್ತದೆ. ಆದರೆ ಹಾಗೆ ಬಿಟ್ಟಾಗ ಅದರ ಜೊತೆ 00 ಕೂಡ ತೆರೆದುಕೊಳ್ಳುತ್ತದೆ. 00 ಅಂದರೆ ಐಎಸ್‌ಡಿ. ವಾಚ್‌ಮನ್ ಫೋನ್‌ನಿಂದಲೂ ವಿದೇಶಕ್ಕೆ ದಾರಿ ಆಯಿತು. ಸರಿಯಾಗಿ ಮಾಡುವುದಾದರೆ 00ಯನ್ನು ಮೊದಲು ಬೇರೆಯಾಗಿ ತಡೆದು, ಆಮೇಲೆ ಉಳಿದದ್ದನ್ನು ಬಿಡಬೇಕು. ಒಂದೇ ಒಂದು ಸಾಲು ಹೆಚ್ಚು, ಅಷ್ಟೇ ವ್ಯತ್ಯಾಸ.

ಕಳ್ಳರಿಗೆ ಇದರಿಂದ ಏನು ಲಾಭ?

ಬೇರೆಯವರ ಫೋನ್‌ನಲ್ಲಿ ಪುಕ್ಕಟೆ ಮಾತಾಡುವ ಆಸೆ ಈಗ ಯಾರಿಗೂ ಇಲ್ಲ, ವಾಟ್ಸ್‌ಆ್ಯಪ್ ಇದೆಯಲ್ಲ. ಈಗಿನ ಲಾಭ ಬೇರೆ. ಕೆಲವು ವಿದೇಶಿ ಸಂಖ್ಯೆಗಳಿಗೆ ಕರೆ ಹೋದಷ್ಟೂ ಆ ಸಂಖ್ಯೆಯ ಒಡೆಯನಿಗೆ ನಿಮಿಷಕ್ಕಿಷ್ಟು ಪಾಲು ಸಿಗುತ್ತದೆ. ವಂಚಕ ಅಂಥ ಸಂಖ್ಯೆ ಹಿಡಿದಿಟ್ಟುಕೊಂಡು ನಿಮ್ಮ ಆಫೀಸಿನ ಪೆಟ್ಟಿಗೆಯಿಂದ ಅದಕ್ಕೆ ಕರೆ ಮಾಡಿಸುತ್ತಾನೆ. ಯಾರೂ ಮಾತಾಡಬೇಕಿಲ್ಲ, ಲೈನ್ ಹಿಡಿದುಕೊಂಡಿದ್ದರೆ ಸಾಕು. ಬರೀ ಲೆಕ್ಕಕ್ಕೆಂದು ನಿಮಿಷಕ್ಕೆ 50 ರೂಪಾಯಿ ದರ ಹಿಡಿಯೋಣ. 30 ಪಾಲೂ ಓಡಿದರೆ ಗಂಟೆಗೆ 90 ಸಾವಿರ. ಶನಿವಾರ ರಾತ್ರಿ ಎಂಟಕ್ಕೆ ಶುರುವಾಗಿ ಸೋಮವಾರ ಬೆಳಿಗ್ಗೆ ಎಂಟರವರೆಗೆ ಯಾರೂ ನೋಡದಿದ್ದರೆ 32 ಲಕ್ಷ ದಾಟುತ್ತದೆ. ಅದರ ಹತ್ತನೇ ಒಂದು ಭಾಗವಾದರೂ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಅದು ದೊಡ್ಡ ಪೆಟ್ಟೇ. ಈ ಕಳ್ಳತನ ರಾತ್ರಿ, ವಾರಾಂತ್ಯ ಮತ್ತು ಹಬ್ಬದ ರಜೆಗಳಲ್ಲಿ ಹೆಚ್ಚು ನಡೆಯುವುದು ಇದೇ ಕಾರಣಕ್ಕೆ. ಕಂಪನಿಯ ದಾಖಲೆಯಲ್ಲಿ ಕರೆ ಹೋದದ್ದು ನಿಮ್ಮ ಲೈನ್‌ನಿಂದ, ಹಾಗಾಗಿ ‘ನಾವು ಮಾಡಿಲ್ಲ’ ಎಂದು ಸಾಬೀತು ಮಾಡುವುದು ಸುಲಭವಲ್ಲ.

ಒಳಗೆ ನುಗ್ಗುವ ಬಾಗಿಲುಗಳು ಹಲವು. 90# ಆಟದಲ್ಲಿ ಕಂಡಂತೆ ಹೊರಗಿನ ಕರೆಯನ್ನು ಮತ್ತೆ ಹೊರಗೇ ಟ್ರಾನ್ಸ್‌ಫರ್ ಮಾಡಲು ಬಿಡುವುದು ಒಂದು. ಹೊರಗಿನಿಂದ ಆಫೀಸಿಗೆ ಕರೆ ಮಾಡಿ, ಪಿನ್ ಒತ್ತಿ, ಆಫೀಸಿನ ಲೈನ್‌ನಿಂದಲೇ ಬೇರೆಯವರಿಗೆ ಕರೆ ಮಾಡುವ ಡೀಸಾ ಎಂಬ ಸೌಲಭ್ಯ ಇನ್ನೊಂದು. ಪ್ರವಾಸದಲ್ಲಿರುವ ಸಿಬ್ಬಂದಿಗೆಂದು ಮಾಡಿದ್ದು, ಪಿನ್ 1234 ಆಗಿದ್ದರೆ ಕಳ್ಳರಿಗೂ ಅಷ್ಟೇ ಅನುಕೂಲ. ವಾಯ್ಸ್‌ಮೇಲ್ ಪೆಟ್ಟಿಗೆಗಳ ಪಿನ್ ಬದಲಾಯಿಸದೆ ಬಿಟ್ಟಿದ್ದರೆ ಅಲ್ಲಿಂದಲೂ ಹೊರಗೆ ಕರೆ ತಿರುಗಿಸಬಹುದಾದ ಯಂತ್ರಗಳಿವೆ. ಇಂಟರ್‌ನೆಟ್‌ಗೆ ಜೋಡಿಸಿದ ಹೊಸ ಐಪಿ ಎಕ್ಸ್‌ಚೇಂಜ್‌ಗಳಲ್ಲಂತೂ ರಿಸೆಪ್ಷನಿಸ್ಟ್‌ಗೆ ಕರೆ ಮಾಡಿ ಮರುಳು ಮಾಡುವ ಶ್ರಮವೂ ಬೇಡ. ದಿನವಿಡೀ ಅಂತರ್ಜಾಲ ತಡಕಾಡುವ ಪ್ರೋಗ್ರಾಂಗಳು ಎಕ್ಸ್‌ಟೆನ್ಶನ್ 201, ಪಾಸ್‌ವರ್ಡ್ 201 ಎಂಬಂಥ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿರುತ್ತವೆ.

ನಿಮ್ಮ ಆಫೀಸಿನ ಫೋನ್ ನೋಡಿಕೊಳ್ಳುವವರನ್ನು, ಅಥವಾ ವರ್ಷಕ್ಕೊಮ್ಮೆ ಬಂದು ಹೋಗುವ ಸರ್ವೀಸ್‌ನವರನ್ನು ಕೇಳಬೇಕಾದದ್ದು ಇದು: ನಮಗೆ ಐಎಸ್‌ಡಿ ಬೇಕೇ? ಬೇಡವಾದರೆ ನಮ್ಮ ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಟೆಲಿಫೋನ್ ಕಂಪನಿಗೂ ಬರೆದುಕೊಟ್ಟು ಅವರ ಕಡೆಯಿಂದಲೇ ಬಂದ್ ಮಾಡಿಸಿ. ಪೆಟ್ಟಿಗೆಯ ನಿಯಮವನ್ನು ಕಳ್ಳ ಮುರಿದರೂ ಕಂಪನಿಯ ಬೀಗ ಉಳಿಯುತ್ತದೆ. ನನ್ನ ಪ್ರಕಾರ ಇದೊಂದೇ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ. ಐಎಸ್‌ಡಿ ಬೇಕೇ ಬೇಕು ಎನ್ನುವವರು ಯಾವ ದೇಶಗಳಿಗೆ, ಯಾವ ಫೋನ್‌ಗಳಿಂದ, ಯಾವ ಹೊತ್ತಿನಲ್ಲಿ ಎಂದು ಕಟ್ಟುನಿಟ್ಟು ಮಾಡಿಸಲಿ. ಹೊರಗಿನಿಂದ ಹೊರಗೆ ಟ್ರಾನ್ಸ್‌ಫರ್ ಮತ್ತು ಡೀಸಾ ಯಾರೂ ಬಳಸುತ್ತಿಲ್ಲವಾದರೆ ತೆಗೆಸಿ. ಯಂತ್ರದ ಜೊತೆ ಬಂದ ಪಾಸ್‌ವರ್ಡ್ ಹಾಗೇ ಇದೆಯೇ ಎಂದು ಕೇಳಿದಾಗ ಎದುರಿನವರು ನಕ್ಕರೆ, ಹಾಗೇ ಇದೆ ಎಂದು ಅರ್ಥ.

ಪರದೆಯ ಮೇಲೆ ಕಂಡ ಸಂಖ್ಯೆ

ಲಕೋಟೆಯ ಮಾತು ಬಂದಿತ್ತಲ್ಲ, ಅದರ ‘ಇಂದ’ ಜಾಗ ತುಂಬುವುದು ಆಫೀಸಿನ ಪೆಟ್ಟಿಗೆಯೇ. ನೂರು ನೇರ ಸಂಖ್ಯೆಗಳ ಸಾಲು ಪಡೆದ ಕಚೇರಿ ಯಾವ ಮೇಜಿನಿಂದ ಕರೆ ಹೋದರೂ ಮುಖ್ಯ ಸಂಖ್ಯೆಯನ್ನೇ ತೋರಿಸುವಂತೆ ಮಾಡಬಹುದು. ಇದು ನ್ಯಾಯವಾದ ಬಳಕೆ. ಒಳ್ಳೆಯ ಟೆಲಿಫೋನ್ ಕಂಪನಿ ಆ ಸಂಖ್ಯೆ ನಿಮ್ಮದೇ ಎಂದು ಪರೀಕ್ಷಿಸುತ್ತದೆ. ಪರೀಕ್ಷಿಸದ ಕಡೆ ಏನು ಬರೆದರೂ ಅದೇ ನಿಮ್ಮ ಮೊಬೈಲ್ ಪರದೆಯ ಮೇಲೆ ಮೂಡುತ್ತದೆ. ವಿದೇಶದಿಂದ ಬರುತ್ತಿದ್ದರೂ ಭಾರತದ ಸಂಖ್ಯೆ ತೋರಿಸುವ ಕರೆಗಳನ್ನು ಹಿಡಿಯಲು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ಆರಂಭಿಸಿತು. ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ತಡೆದಿದ್ದಾಗಿ ಅದು ಹೇಳಿತು. ಹಾಗಾಗಿ ಪರದೆಯ ಮೇಲೆ ಬ್ಯಾಂಕ್ ಅಥವಾ ಠಾಣೆಯ ಸಂಖ್ಯೆ ಕಂಡಿತು ಎಂಬುದು ನಂಬಲು ಸಾಕಾಗುವ ಕಾರಣವಲ್ಲ. ಅನುಮಾನವಿದ್ದರೆ ಕರೆ ಕಡಿದು ನೀವೇ ಆ ಸಂಖ್ಯೆಗೆ ಮಾಡಿ. ಸುಳ್ಳು ಹೇಳಬಲ್ಲದ್ದು ‘ಇಂದ’, ‘ಇವರಿಗೆ’ ಅಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ. ಹಣ ಹೋಗಿಲ್ಲ, ಬರೀ ಅನುಮಾನದ ಕರೆಯಾದರೆ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು.

ಲಾಡ್ಜಿನ ಕೋಣೆಯಿಂದ 108

ಹೊರಗಿನ ಕರೆಯ ನಿಯಮ ತಪ್ಪಾದರೆ ಹಣವಷ್ಟೇ ಹೋಗುವುದಿಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಹೋಟೆಲ್ ಕೋಣೆಯಲ್ಲಿ ಕಾರಿ ಹಂಟ್ ಎಂಬ ಮಹಿಳೆಯ ಕೊಲೆಯಾಯಿತು. ದಾಳಿ ನಡೆಯುತ್ತಿದ್ದಾಗ ಆಕೆಯ ಒಂಬತ್ತು ವರ್ಷದ ಮಗಳು ಕೋಣೆಯ ಫೋನ್‌ನಿಂದ ತುರ್ತು ಸಂಖ್ಯೆ 911ಕ್ಕೆ ನಾಲ್ಕು ಸಲ ಡಯಲ್ ಮಾಡಿದಳು. ಕರೆ ಹೋಗಲಿಲ್ಲ. ಆ ಹೋಟೆಲ್‌ನಲ್ಲಿ ಹೊರಗಿನ ಲೈನ್‌ಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಮನೆಯಲ್ಲಿ ಹೇಳಿಕೊಟ್ಟದ್ದನ್ನು ಆ ಮಗು ಸರಿಯಾಗಿಯೇ ಮಾಡಿತ್ತು. ಆಕೆಯ ಅಜ್ಜ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕಾರಿ ಹೆಸರಿನಲ್ಲೇ ಕಾನೂನು ಬಂತು. 2020ರ ಫೆಬ್ರವರಿ 16ರ ನಂತರ ಅಲ್ಲಿ ಮಾರುವ, ಹಾಕಿಸುವ ಪ್ರತಿ ಆಫೀಸ್ ಎಕ್ಸ್‌ಚೇಂಜ್‌ನಲ್ಲೂ ಮುಂದೆ ಯಾವ ಅಂಕಿಯೂ ಇಲ್ಲದೆ ನೇರ 911 ಹೋಗಲೇಬೇಕು.

ನಮ್ಮಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ. ಲಾಡ್ಜುಗಳಲ್ಲಿ ಕೋಣೆಯ ಸಂಖ್ಯೆಯನ್ನೇ ಎಕ್ಸ್‌ಟೆನ್ಶನ್ ಸಂಖ್ಯೆಯಾಗಿ ಇಡುವುದು ರೂಢಿ. ಮೊದಲ ಮಹಡಿಯ ಕೋಣೆಗಳು 101ರಿಂದ ಶುರು. 101 ಅಂದರೆ ಅಗ್ನಿಶಾಮಕ ದಳ. 108 ಆಂಬುಲೆನ್ಸ್. 112 ಎಲ್ಲಕ್ಕೂ ಸೇರಿದ ತುರ್ತು ಸಂಖ್ಯೆ. ಹೀಗೆ ಸಂಖ್ಯೆ ಕೊಟ್ಟ ಲಾಡ್ಜಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರಿಗೋ ಎದೆನೋವು ಬಂದು ಕೋಣೆಯ ಫೋನ್‌ನಿಂದ 108 ಒತ್ತಿದರೆ ಪಕ್ಕದ ಕೋಣೆಯಲ್ಲಿ ಮಲಗಿದವರ ಫೋನ್ ರಿಂಗ್ ಆಗುತ್ತದೆ. ಪೆಟ್ಟಿಗೆಯ ತಪ್ಪಲ್ಲ, ಅದು ಬರೆದಿಟ್ಟ ನಿಯಮವನ್ನೇ ಪಾಲಿಸುತ್ತಿದೆ. ಕೋಣೆಗಳ ಎಕ್ಸ್‌ಟೆನ್ಶನ್‌ಗೆ ಮುಂದೊಂದು ಅಂಕಿ ಸೇರಿಸಿ 2101, 2108 ಎಂದು ಮಾಡಿ, 101, 108, 112 ನೇರ ಹೊರಗೆ ಹೋಗುವಂತೆ ನಿಯಮ ಬರೆಸುವುದು ಸರ್ವೀಸ್‌ನವರಿಗೆ ಹೆಚ್ಚು ಹೊತ್ತಿನ ಕೆಲಸವಲ್ಲ. ಯಾವ ಫೋನ್‌ಗೆ ಎಷ್ಟೇ ನಿರ್ಬಂಧ ಇದ್ದರೂ, ಗೇಟಿನ ಫೋನ್ ಸೇರಿಸಿ, ಈ ಮೂರು ಸಂಖ್ಯೆಗೆ ತಡೆ ಇರಬಾರದು.

ಕೈಯಲ್ಲಿ ಮೊಬೈಲ್ ಇದ್ದರೆ ಮೊದಲು ಅದರಿಂದಲೇ 112 ಮಾಡಿ. ಕೋಣೆಯ ಫೋನ್ ಒಂದೇ ಇದ್ದರೆ 9 ಒತ್ತಿ ರಿಸೆಪ್ಷನ್‌ನವರನ್ನು ಎಬ್ಬಿಸಿ, ಅವರೂ ಎತ್ತದಿದ್ದರೆ 0 ಒತ್ತಿ ಡಯಲ್ ಟೋನ್ ಬಂದ ಮೇಲೆ 112. ನಿಮ್ಮ ಆಫೀಸಿನಲ್ಲಿ ಇದು ಸರಿಯಿದೆಯೇ ಎಂದು ನೋಡಲು ಸುಮ್ಮನೆ 112ಕ್ಕೆ ಕರೆ ಮಾಡಿ ಅಲ್ಲಿನವರ ಹೊತ್ತು ಕೆಡಿಸಬೇಡಿ. ಸರ್ವೀಸ್‌ನವರು ಬಂದಾಗ ಸೆಟ್ಟಿಂಗ್ ಪರದೆಯಲ್ಲಿ ಆ ಸಾಲು ಎಲ್ಲಿದೆ ಎಂದು ತೋರಿಸಲು ಹೇಳಿ.